ಒಂದು ಕಾರಿಗೆ ಎಷ್ಟು ಸಲ ಬಣ್ಣ? ಹುಣಸೂರು ಸೀಮೆಯ ಕೊಟ್ಟಿಗೆಯಲ್ಲಿ ನಿಂತ ಪದ್ಮಿನಿಯ ಇತಿಹಾಸ

ಹಳೇ ಫಿಯೆಟ್ ಅಥವಾ ಪದ್ಮಿನಿ ಕಾರಿನ ಬಾಗಿಲ ಮೇಲೆ ಅಂಗೈ ಅಗಲದ ಜಾಗಕ್ಕೆ ನೀರು ಹಚ್ಚಿ ವಾಟರ್ ಪೇಪರ್ ಉಜ್ತಾ ಹೋದ್ರೆ ಏನಾಗುತ್ತೆ ಗೊತ್ತಾ? ಬಣ್ಣ ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುತ್ತೆ. ಮೇಲೆ ಮೆರೂನ್, ಅದರಡಿ ಬಿಳಿ, ಅದರಡಿ ಬೂದು ಬಣ್ಣದ ಪುಟ್ಟಿ, ಆಮೇಲೆ ನೀಲಿ, ಕೊನೆಗೆ ಪ್ರೈಮರ್, ತಗಡು. ಮರ ಕುಯ್ದಾಗ ಒಳಗೆ ಉಂಗುರ ಕಾಣುತ್ತಲ್ಲ, ಹಾಗೆ.

ಇವತ್ತಿನ ಎಪಿಸೋಡ್ ಪೂರ್ತಿ ಒಂದೇ ಪ್ರಶ್ನೆ ಮೇಲೆ: ಒಂದು ಸಣ್ಣ ಕಾರಿಗೆ ನಮ್ಮ ಜನ ಯಾಕೆ ಇಷ್ಟು ಸಲ ಬಣ್ಣ ಹೊಡೆಸಿದ್ರು? ಇನ್ನೊಂದು ಸಲ ಹೊಡೆಯೋಕೆ ಆ ಕಾರು ಉಳಿಯುತ್ತಾ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳ್ಳಿಗಳಲ್ಲಿ ಕೊಟ್ಟಿಗೆ ಮೂಲೆಯಲ್ಲಿ, ಟಾರ್ಪಾಲ್ ಅಡಿಯಲ್ಲಿ ಇಂಥ ಕಾರು ನಿಂತಿರೋದನ್ನ ನೀವೂ ನೋಡಿರ್ತೀರ. ಅದನ್ನ ಮನೆಯಲ್ಲೇ ಬಿಚ್ಚಿ, ಬಣ್ಣ ಹೊಡೆದು, ಮತ್ತೆ ಜೋಡಿಸೋದು ಈಗ ನಮ್ಮ ವಯಸ್ಸಿನ ಹುಡುಗರಿಗೆ ಒಂದು ಆಸೆ. ಆ ಆಸೆಯ ಹಿಂದೆ ದೊಡ್ಡ ಕಥೆನೇ ಇದೆ.

ಬಂಡಿ ಕಟ್ಟಿದ ಊರು

ಕಾರಿಗಿಂತ ಮೊದಲು ಬಂಡಿ. 19ನೇ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರ ಆಗಿತ್ತು. ಸೈನ್ಯದ ಸಾಮಾನು ಎಳೆಯೋಕೆ ಎತ್ತು ಬೇಕು, ಎತ್ತಿಗೆ ಬಂಡಿ ಬೇಕು. ಹಾಗಾಗಿ ಅಲ್ಲಿ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಜೊತೆಗೆ ಬಂಡಿ ಮತ್ತು ವ್ಯಾಗನ್ ಕಟ್ಟುವ ಮರದ ಯಾರ್ಡ್ ಇದ್ದವು. ಮರ ಎಲ್ಲಿಂದ ಅಂತ ಕೇಳಬೇಕಾಗಿಲ್ಲ, ಪಕ್ಕದಲ್ಲೇ ಕಾಡು.

ಸರ್ಕಾರ ಆಮೇಲೆ ಇವನ್ನೆಲ್ಲ ಮುಚ್ಚಿತು. ಆದರೆ ಹಳೇ ಗೆಜೆಟಿಯರ್‌ಗಳು ಒಂದು ಸ್ವಾರಸ್ಯದ ಮಾತು ಬರೆದಿಟ್ಟಿವೆ: ಕಾರ್ಖಾನೆ ಹೋದ ಮೇಲೂ ಒಳ್ಳೆ ಗಾಡಿ, ಬೂಟು, ಕಂಬಳಿಗೆ ಹುಣಸೂರಿನ ಹೆಸರು ಉಳಿದಿತ್ತು. ಯಾಕಂದ್ರೆ ಅಲ್ಲಿ ಕೆಲಸ ಕಲಿತವರು ಊರಲ್ಲೇ ಇದ್ದರು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ವಾರ್ನಿಷ್‌ನಿಂದ ಡ್ಯೂಕೋವರೆಗೆ

ಈಗ ಬಣ್ಣಕ್ಕೆ ಬರೋಣ. ಮೊದಮೊದಲ ಕಾರುಗಳಿಗೆ ಸಾರೋಟಿಗೆ ಬಳಿದ ಹಾಗೇ ಬ್ರಷ್ಷಿನಿಂದ ವಾರ್ನಿಷ್ ಬಳೀತಿದ್ರು. ಒಂದು ಕೋಟ್ ಒಣಗಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯೋದು. ಅಮೆರಿಕಾದ ಡ್ಯೂಪಾಂಟ್ ಕಂಪನಿ 1923-24ರ ಹೊತ್ತಿಗೆ ಗನ್ನಿನಿಂದ ಸಿಂಪಡಿಸಿ ಬೇಗ ಒಣಗಿಸಬಹುದಾದ ಲ್ಯಾಕರ್ ತಂತು. ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು ಅದರಲ್ಲಿ ನೀಲಿ ಬಣ್ಣ ಹಾಕ್ಕೊಂಡು ಬಂತು. ಆ ಬಣ್ಣದ ಹೆಸರು ‘ಡ್ಯೂಕೋ’. ಇವತ್ತಿಗೂ ನಮ್ಮ ಪೇಂಟರ್‌ಗಳು ‘ಡ್ಯೂಕೋ ಹೊಡೀಬೇಕಾ’ ಅಂತ ಕೇಳ್ತಾರಲ್ಲ, ಅದು ನೂರು ವರ್ಷದ ಹಿಂದಿನ ಆ ಬ್ರ್ಯಾಂಡ್ ಹೆಸರೇ. ಸಣ್ಣ ಶೆಡ್‌ನಲ್ಲಿ, ಒಂದು ಕಂಪ್ರೆಸರ್, ಒಂದು ಗನ್ ಇಟ್ಕೊಂಡು ಯಾರು ಬೇಕಾದ್ರೂ ಪೇಂಟರ್ ಆಗೋ ದಾರಿ ತೆರೆದದ್ದು ಅದು.

ನಮ್ಮಲ್ಲೂ ಬಣ್ಣದ ಕಾರ್ಖಾನೆ ಇತ್ತು, ಈಗಲೂ ಇದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಶುರುವಾಯ್ತು. ಹೆಸರಲ್ಲಿರೋ ಲ್ಯಾಕ್ ಅಂದ್ರೆ ಅರಗು, ಕಾಡಿನ ಉತ್ಪನ್ನ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚೋ ಶಾಯಿ ಮಾಡ್ತಾ ಬಂದಿರೋದು ಇದೇ ಕಂಪನಿ. ಬಣ್ಣದ ಕಾರ್ಖಾನೆ ಬಂತು, ಸರಿ. ಕಾರಿನ ಕಾರ್ಖಾನೆ?

ಬರಬೇಕಾಗಿದ್ದ ಕಾರ್ಖಾನೆ

ಸರ್ ಎಂ. ವಿಶ್ವೇಶ್ವರಯ್ಯ ಅಂದ ತಕ್ಷಣ ಕೆಆರ್‌ಎಸ್ ನೆನಪಾಗುತ್ತೆ. ಆದರೆ 1930ರ ದಶಕದ ಮಧ್ಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಅವರು ಯೂರೋಪ್, ಅಮೆರಿಕಾದ ಕಾರು ಕಾರ್ಖಾನೆಗಳನ್ನ ನೋಡಿ ಬಂದು ಭಾರತಕ್ಕೊಂದು ಯೋಜನೆ ಸಿದ್ಧಪಡಿಸಿದ್ರು. ಅದನ್ನ ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೆಂಗಳೂರಲ್ಲಿ ಕಾರ್ಖಾನೆ ಮಾಡೋಕೆ ಮೈಸೂರು ಸಂಸ್ಥಾನ ಆಸಕ್ತಿ ತೋರಿಸ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರ ಡಿಸೆಂಬರಲ್ಲಿ ಅದೇ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದ್ರು, ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ ಮಾತ್ರ 1944ರಲ್ಲಿ ಬಾಂಬೆಯಲ್ಲಿ ಹುಟ್ಟಿತು: ಪ್ರೀಮಿಯರ್ ಆಟೋಮೊಬೈಲ್ಸ್. ಕುರ್ಲಾದಲ್ಲಿ ಅದರ ಕಾರ್ಖಾನೆ.

ಅಂದ್ರೆ, ಪಿರಿಯಾಪಟ್ಟಣದ ಕೊಟ್ಟಿಗೆಯಲ್ಲಿ ನಿಂತಿರೋ ಪದ್ಮಿನಿಯ ಬೇರು ಒಂದು ಲೆಕ್ಕದಲ್ಲಿ ನಮ್ಮದೇ ಸಂಸ್ಥಾನದ ಹಳೇ ದಿವಾನರ ಫೈಲಿನಲ್ಲಿದೆ.

ಪ್ರೀಮಿಯರ್ ಕಂಪನಿ 1964ರಲ್ಲಿ ಫಿಯೆಟ್ 1100 ಡಿಲೈಟ್ ತಂತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. 1970ರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಆಯ್ತು. ಇಟಲಿಯಲ್ಲಿ 1960ರ ದಶಕದಲ್ಲೇ ನಿಂತುಹೋದ ಕಾರು ನಮ್ಮಲ್ಲಿ ಹೆಚ್ಚುಕಡಿಮೆ ಅದೇ ಆಕಾರದಲ್ಲಿ 2000ದ ಆಸುಪಾಸಿನವರೆಗೆ ಬಂತು.

ಬೆಲೆ ಇಳಿಯದ ಕಾರು

ಇಲ್ಲಿ ನನ್ನ ಬಿ.ಕಾಂ ಸ್ವಲ್ಪ ಕೆಲಸಕ್ಕೆ ಬರುತ್ತೆ. ಕಾರು ಶೋರೂಮ್ ಬಿಟ್ಟ ದಿನದಿಂದ ಬೆಲೆ ಇಳೀತಾ ಹೋಗುತ್ತೆ ಅಂತ ಡಿಪ್ರಿಸಿಯೇಷನ್ ಪಾಠದಲ್ಲಿ ಓದಿದ್ವಿ. ಲೈಸೆನ್ಸ್ ರಾಜ್ ಕಾಲದಲ್ಲಿ ಎಷ್ಟೋ ಸಲ ಉಲ್ಟಾ. ಎಷ್ಟು ಕಾರು ತಯಾರಾಗಬೇಕು ಅನ್ನೋದಕ್ಕೆ ಸರ್ಕಾರದ ಲೈಸೆನ್ಸ್. ಯಾರಿಗೆ ಯಾವ ಸರದಿಯಲ್ಲಿ ಸಿಗಬೇಕು ಅನ್ನೋದಕ್ಕೆ 1959ರಿಂದ ಒಂದು ನಿಯಂತ್ರಣ ಆದೇಶ. ಮಾರುಕಟ್ಟೆಯಲ್ಲಿ ಇದ್ದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಇಷ್ಟೇ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕೈಗೆ ಬಂದ ಕಾರನ್ನ ಇನ್ನೊಬ್ಬರಿಗೆ ಹೆಚ್ಚಿಗೆ ಬೆಲೆಗೆ ಮಾರೋದೂ ನಡೀತಿತ್ತು.

ಈಗ ಬಣ್ಣದ ಪ್ರಶ್ನೆಗೆ ಉತ್ತರ ಸಿಗ್ತಾ? ಹೊಸ ಕಾರು ಸಿಗಲ್ಲ, ಇರೋದನ್ನೇ ಹೊಸದು ಮಾಡಬೇಕು. ಡಾಕ್ಟರ ಮನೆಯಿಂದ ಸಾಹುಕಾರರ ಮನೆಗೆ, ಅಲ್ಲಿಂದ ಬಾಡಿಗೆಗೆ ಓಡಿಸೋರ ಕೈಗೆ, ಕೊನೆಗೆ ಹೊಗೆಸೊಪ್ಪಿನ ಬೆಳೆ ಕೈಹಿಡಿದ ವರ್ಷ ಒಬ್ಬ ರೈತರ ಮನೆಗೆ. ಮಾಲೀಕರು ಬದಲಾದ ಹಾಗೆ ಟಿಂಕರಿಂಗ್, ಪೇಂಟಿಂಗ್. ಒಂದೊಂದು ಪದರವೂ ಒಂದೊಂದು ಮನೆ.

ಸಣ್ಣ ಕಾರಿನ ಕನಸನ್ನ ಕರ್ನಾಟಕವೂ ಕಂಡಿತ್ತು. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ‘ಡಾಲ್ಫಿನ್’ ತಂದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ಮಾದರಿ, 848 ಸಿಸಿ, ಫೈಬರ್ ಬಾಡಿ. ಬಾಡಿ ತುಕ್ಕು ಹಿಡಿಯಲ್ಲ, ಆದರೆ ಬಿರುಕು ಬಿಟ್ಟರೆ ಸುತ್ತಿಗೆ ಹಿಡಿದ ಟಿಂಕರ್‌ಗೆ ಅಲ್ಲಿ ಕೆಲಸ ಇಲ್ಲ. ರೆಸಿನ್, ಗ್ಲಾಸ್ ಮ್ಯಾಟ್ ಹಾಕಿ ಕಟ್ಟಬೇಕು. ಮರುವರ್ಷವೇ, 1983ರ ಡಿಸೆಂಬರ್ 14ರಂದು, ಮಾರುತಿ 800ರ ಮೊದಲ ಕೀಲಿಯನ್ನ ಇಂದಿರಾ ಗಾಂಧಿ ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗಿಟ್ಟರು. ಬೆಲೆ ಸುಮಾರು 50 ಸಾವಿರ ರೂಪಾಯಿ. ಅದರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ, ಪದ್ಮಿನಿಯೂ ನಿಧಾನಕ್ಕೆ ಕೊಟ್ಟಿಗೆ ಸೇರಿತು.

ಕೊಟ್ಟಿಗೆಯೊಳಗಿನ ಕೆಲಸ

ಪಿರಿಯಾಪಟ್ಟಣದ ಹತ್ತಿರ ನಮ್ಮ ಸೋದರಮಾವನ ಕೊಟ್ಟಿಗೆಯಲ್ಲಿ 1984ರ ಒಂದು ಪದ್ಮಿನಿ ಇದೆ. ನಾನು, ಮಾವ, ಹುಣಸೂರಿನಿಂದ ಬರೋ ಒಬ್ಬ ಹಿರಿಯ ಪೇಂಟರ್ ಸೇರಿ ಅದನ್ನ ಬಿಚ್ಚಿ ಜೋಡಿಸ್ತಾ ಇದ್ದೀವಿ. ಅವರ ಹತ್ತಿರ ಕಲಿತಿದ್ದನ್ನ ಹೇಳ್ತೀನಿ, ನಿಮ್ಮ ಮನೆಯಲ್ಲೂ ಕಾರಿದ್ರೆ ಉಪಯೋಗಕ್ಕೆ ಬರುತ್ತೆ.

ಮೊದಲು ಬಣ್ಣದ ಯೋಚನೆ ಬಿಟ್ಟು ತಳ ನೋಡಿ. ಪದ್ಮಿನಿಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರುತ್ತೆ. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ತಿಂದಿದ್ರೆ ಅದನ್ನ ಕತ್ತರಿಸಿ ವೆಲ್ಡ್ ಮಾಡಬೇಕು. ಆಗ ಬಾಗಿಲನ್ನ ಬಿಚ್ಚಿಡಬಾರದು. ಬಾಗಿಲು ಅದರ ಜಾಗದಲ್ಲೇ ಇದ್ದು ಸುತ್ತಲ ಸಂದು ಸಮ ಇದೆಯಾ ಅಂತ ನೋಡ್ತಾ ವೆಲ್ಡ್ ಮಾಡಬೇಕು. ಇಲ್ಲಾಂದ್ರೆ ಬಾಡಿ ಜಗ್ಗಿ, ಬಣ್ಣ ಎಲ್ಲಾ ಆದ ಮೇಲೆ ಬಾಗಿಲು ಕೂರೋದೇ ಇಲ್ಲ.

ಉಜ್ಜುವಾಗ ನೀರು ಹಾಕೇ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಬೇಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿರೋ ಅಂಗಳಕ್ಕೆ ಹಾರಬಾರದು. ಆಮೇಲೆ ಪ್ರೈಮರ್, ತೆಳ್ಳಗೆ ಪುಟ್ಟಿ, ಮತ್ತೆ ಪ್ರೈಮರ್, 400ರ ಪೇಪರ್, 800ರ ಪೇಪರ್. ಹಳೇ ಎನಾಮೆಲ್ ಮೇಲೆ ನೇರವಾಗಿ ಡ್ಯೂಕೋ ಹೊಡೆದ್ರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನ ಸುಕ್ಕು ಮಾಡಿ ಎಬ್ಬಿಸುತ್ತೆ. ಆದ್ದರಿಂದ ಕೆಳಗೆ ಏನಿದೆ ಅಂತ ತಿಳಿಯೋಕೆ ಮೊದಲು ಮೂಲೆಯೊಂದರಲ್ಲಿ ಥಿನ್ನರ್ ಬಟ್ಟೆ ಒತ್ತಿ ನೋಡ್ತಾರೆ.

ಕಾಲವೂ ಮುಖ್ಯ. ಮಳೆಗಾಲದಲ್ಲಿ, ಅದರಲ್ಲೂ ಎಚ್.ಡಿ. ಕೋಟೆ ಕಾಡಂಚಿನಲ್ಲಿ, ಗಾಳಿಯ ತೇವಕ್ಕೆ ಡ್ಯೂಕೋ ಬೆಳ್ಳಗೆ ಮಂಕಾಗುತ್ತೆ. ಬ್ಯಾರನ್ ಹೊಗೆ ಎಲ್ಲಾ ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿ ನಡುವಿನ ಒಣಹವೆ ಸರಿ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಬೆಳಗ್ಗೆಯೇ ಹೊಡೆಯೋದು. ಈಗಿನ ಹಾರ್ಡನರ್ ಬೆರೆಸೋ ಟು-ಕೆ ಬಣ್ಣ ಹೆಚ್ಚು ಬಾಳುತ್ತೆ, ಆದರೆ ಅದರ ಹಬೆ ಶ್ವಾಸಕೋಶಕ್ಕೆ ಅಪಾಯ. ಮೂಗಿಗೆ ಕಟ್ಟೋ ಕರ್ಚೀಫು ಅದಕ್ಕೆ ಸಾಲಲ್ಲ, ಹೊರಗಿನ ಶುದ್ಧ ಗಾಳಿ ಕೊಡೋ ಮಾಸ್ಕೇ ಬೇಕು.

ಜೋಡಿಸೋದು ಬಿಚ್ಚಿದ್ದರ ಉಲ್ಟಾ ಕ್ರಮ. ಬಿಚ್ಚುವಾಗ ಪ್ರತಿ ನಟ್ಟು ಬೋಲ್ಟನ್ನೂ ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆದು ಫೋಟೋ ತೆಗೀರಿ. ಡ್ಯಾಶ್‌ಬೋರ್ಡಿಗೆ ಮೊದಲು ವೈರಿಂಗ್, ಗಾಜಿಗೆ ಮೊದಲು ಟಾಪ್ ಬಟ್ಟೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಳಗೆ ದಾರ ಸುತ್ತಿ, ಒಬ್ಬರು ಹೊರಗಿನಿಂದ ಗಾಜು ಒತ್ತಿದ್ರೆ, ಒಳಗಿನವರು ದಾರ ಎಳೀತಾ ಬೀಡಿಂಗ್ ಕೂರಿಸ್ತಾರೆ. ಇನ್ನೊಂದು ಗುಟ್ಟು: ಎಲ್ಲಾ ಆದ ಮೇಲೆ ಲೈಟು ಉರೀಲಿಲ್ಲ ಅಂದ್ರೆ ಬಲ್ಬ್ ಬೈಬೇಡಿ. ಕಾರಿನ ಅರ್ಥ್ ಬಾಡಿಯ ತಗಡಿಂದಲೇ ಹೋಗೋದು. ಹೊಸ ಬಣ್ಣ ಅದನ್ನ ಮುಚ್ಚಿರುತ್ತೆ. ಬೋಲ್ಟ್ ಕೂರೋ ಜಾಗದಲ್ಲಿ ಬಣ್ಣ ಕೆರೆದ್ರೆ ದೀಪ ಬರುತ್ತೆ.

50 ತುಂಬದ ಕಾರಿನ ಕಷ್ಟ

ಈಗ ಎರಡನೇ ಪ್ರಶ್ನೆ. ಈ ಕಾರು ಉಳಿಯುತ್ತಾ?

ಕೇಂದ್ರ ಸರ್ಕಾರದ 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗದ ಕಾರಿಗೆ ‘ವಿಎ’ ಗುರುತಿನ ಬೇರೆ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ. ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಗೆ ಓಡಿಸಬಹುದು. ಇನ್ನೊಂದು ಕಡೆ, 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯ್ತು. ಐದು ವರ್ಷಕ್ಕೊಮ್ಮೆ ಕಟ್ಟೋದು, ಅಂದ್ರೆ ವರ್ಷಕ್ಕೆ 2,000. ಅಷ್ಟೇ ಆಗಿದ್ರೆ ತಾಳಿಕೊಳ್ಳಬಹುದು. ಅದರ ಮೇಲೆ ತೆರಿಗೆ, ಇನ್ಶೂರೆನ್ಸ್, ತಪಾಸಣೆ ಸೇರುತ್ತೆ. ಓಡದೇ ನಿಂತ ಕಾರಿಗೆ ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳಿದ ದಿನ ಗುಜರಿಯವರ ಟೆಂಪೋ ಬಾಗಿಲಿಗೆ ಬರುತ್ತೆ.

ಲೆಕ್ಕ ಹಾಕಿ ನೋಡಿ. ನಮ್ಮ 1984ರ ಪದ್ಮಿನಿಗೆ 50 ತುಂಬೋದು 2034ಕ್ಕೆ. 1990ರ ಮಾರುತಿ 800ಕ್ಕೆ 2040ಕ್ಕೆ. ಆ ಅಂತರವನ್ನ ದಾಟಿಸೋರು ಯಾರು? ಶ್ರೀರಂಗಪಟ್ಟಣದ ಬಳಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಮ್ಯೂಸಿಯಂ ಇದೆ, ಹೋಗಿ ನೋಡಬೇಕಾದ ಜಾಗ. ಆದರೆ ಎಲ್ಲಾ ಮನೆಯ ಕಾರೂ ಮ್ಯೂಸಿಯಂಗೆ ಹೋಗೋಕಾಗಲ್ಲ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ರಾಜರ ರೋಲ್ಸ್ ರಾಯ್ಸ್ ಕಾಯೋಕೆ ಜನ ಇದ್ದಾರೆ. ಮೇಷ್ಟ್ರ ಮನೆ ಫಿಯೆಟ್‌ಗೆ ಇರೋದು ಕೊಟ್ಟಿಗೆ ಮಾತ್ರ.

ಹುಣಸೂರಿನ ಬಂಡಿ ಯಾರ್ಡ್ ಮಾತು ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ. ಯಾರ್ಡ್ ಮುಚ್ಚಿದ ಮೇಲೂ ವಿದ್ಯೆ ಉಳೀತು, ಯಾಕಂದ್ರೆ ಜನಕ್ಕೆ ಆಮೇಲೂ ಬಂಡಿ ಬೇಕಿತ್ತು. ಕುರ್ಲಾದ ಕಾರ್ಖಾನೆ ಪದ್ಮಿನಿ ಮಾಡೋದು ನಿಲ್ಲಿಸಿ ಕಾಲು ಶತಮಾನ ಆಯ್ತು. ಸುತ್ತಿಗೆಯಲ್ಲಿ ತಗಡು ತಿದ್ದೋ ಟಿಂಕರ್, ಕಣ್ಣಳತೆಯಲ್ಲೇ ಬಣ್ಣ ಬೆರೆಸೋ ಪೇಂಟರ್ ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಆದರೆ ಈಗಿನ ಕಾರಿಗೆ ಗುದ್ದು ಬಿದ್ರೆ ಇಡೀ ಬಾಗಿಲು, ಬಂಪರ್ರೇ ಬದಲಾಯಿಸ್ತಾರೆ, ಬಣ್ಣವನ್ನ ಕಂಪ್ಯೂಟರ್ ಕೋಡ್ ನೋಡಿ ಬೆರೆಸ್ತಾರೆ. ನಮ್ಮ ಜೊತೆ ಇರೋ ಪೇಂಟರ್ ಹತ್ತಿರ ಕಲಿಯೋಕೆ ಒಬ್ಬ ಹುಡುಗನೂ ಇಲ್ಲ.

ಹಾಗಾಗಿ ನಿಮಗೆ ಮೂರು ಕೆಲಸ. ಒಂದು, ಮನೆಯಲ್ಲಿ ಹಳೇ ಕಾರಿದ್ರೆ ಇವತ್ತೇ ಆರ್‌ಸಿ ತೆಗೆದು ನೋಡಿ, ಅವಧಿ ಯಾವಾಗ ಮುಗಿಯುತ್ತೆ, ಅದರಲ್ಲಿ ಬಣ್ಣ ಯಾವುದು ಅಂತ ಬರೆದಿದೆ. ಬಣ್ಣ ಬದಲಾಯಿಸೋದಾದ್ರೆ ಆರ್‌ಟಿಒನಲ್ಲಿ ನಮೂದಿಸಲೇಬೇಕು. ಎರಡು, ಉಜ್ಜಿ ಎಲ್ಲಾ ಬಣ್ಣ ತೆಗೆಯೋ ಮೊದಲು ಆ ಪದರಗಳ ಫೋಟೋ ತೆಗೆದಿಡಿ. ಮೂರು, ನಿಮ್ಮ ಊರಿನ ಹಳೇ ಪೇಂಟರ್ ಹತ್ತಿರ ಹೋಗಿ ಕೂತು ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಆ ರೆಕಾರ್ಡಿಂಗ್ ನಮಗೂ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಅವರ ದನಿಯಲ್ಲೇ ಕೇಳೋಣ. ಅಲ್ಲಿವರೆಗೂ ನಮಸ್ಕಾರ.