ದೀರ್ಘ ತಪ್ಪಿದ ತೋರಣ

ನಮ್ಮ ಧಾರವಾಡದ ಮನೆಯ ತಲೆಬಾಗಿಲಿಗೆ ಹಬ್ಬಹುಣ್ಣಿಮೆಗೆ ಕಟ್ಟುತ್ತಿದ್ದ ಮಣಿಯ ತೋರಣದಲ್ಲಿ ಒಂದು ಕಾಗುಣಿತದ ತಪ್ಪಿತ್ತು. ಬಿಳಿ ಮಣಿಗಳ ನಡುವೆ ಕೆಂಪು ಮಣಿಗಳಲ್ಲಿ ‘ಸುಸ್ವಾಗತ’ ಎಂದು ಮೂಡಬೇಕಿದ್ದಲ್ಲಿ ‘ಸುಸ್ವಗತ’ ಎಂದಿತ್ತು. ಅದೂ ಕನ್ನಡ ಶಾಲೆಯ ಮಾಸ್ತರರ ಮನೆ. ಊರ ಹುಡುಗರ ಒತ್ತು, ದೀರ್ಘ ತಿದ್ದುತ್ತಲೇ ಆಯುಷ್ಯ ಕಳೆದ ನನ್ನ ಅಜ್ಜ, ಬಂದವರ ಮುಂದೆ ತಾವೇ ಮೊದಲು ಚೇಷ್ಟೆ ಮಾಡಿ ಪಾರಾಗುತ್ತಿದ್ದರು: “ಇದು ಸ್ವಾಗತ ಅಲ್ರಿ, ಸ್ವಗತ. ನಾಟಕದಾಗ ಪಾತ್ರ ತನ್ನಷ್ಟಕ್ಕ ತಾನ ಮಾತಾಡ್ತದಲ್ಲ, ಅದು.” ಎಲ್ಲರೂ ನಗುತ್ತಿದ್ದರು. ಅಜ್ಜಿ ಒಳಗಿನಿಂದಲೇ ಅನ್ನುತ್ತಿದ್ದಳು: “ಬಾಗಲಾ ತಗದಿರ್ತದಲ್ಲ, ಬರೋರು ಬರ್ತಾರ. ಓದಿ ನೋಡಿ ಯಾರ ಬರ್ತಾರ?”

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. 1942ರ ಬೇಸಿಗೆಯಲ್ಲಿ ಹಿರೇಮಗಳ ಮದುವೆ ಗೊತ್ತಾದಾಗ, ಅಂದರೆ ನನ್ನ ದೊಡ್ಡ ಸೋದರತ್ತೆಯ ಮದುವೆಗೆ, ಆಕೆ ಈ ತೋರಣ ಹಾಕಿದ್ದು. ಅಜ್ಜ ಲೆಕ್ಕದ ಪಟ್ಟಿಯ ಚೌಕಳಿ ಹಾಳೆಯ ಮೇಲೆ ಅಕ್ಷರ ಬರೆದುಕೊಟ್ಟರು. ಒಂದು ಚೌಕಕ್ಕೆ ಒಂದು ಮಣಿ. ಆಕೆ ಓದಲಿಲ್ಲ, ಎಣಿಸಿದಳು. ಎಣಿಸುವಾಗ ಒಂದು ಬಾಲ ಬಿಟ್ಟುಹೋಯಿತು ಎಂಬುದು ನಮ್ಮ ಮನೆಯಲ್ಲಿ ಎಂಬತ್ತು ವರ್ಷ ನಡೆದುಬಂದ ಇತಿಹಾಸ.

ಹೋದ ವರ್ಷ ದೀಪಾವಳಿಗೆಂದು ಟ್ರಂಕಿನಿಂದ ತೆಗೆದಾಗ ದಾರ ಜೀರ್ಣವಾಗಿ ಒಂದು ತುದಿಯಿಂದ ಮಣಿ ಉದುರತೊಡಗಿದವು. ಬಿಚ್ಚಿ ಹೊಸದಾಗಿ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಮಣಿಯ ಗೀಳು ಇಳಿದುಬಂದಿದ್ದು ನನಗೊಬ್ಬಳಿಗೇ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ನೋಟು ಎಣಿಸಿದೆ, ಮನೆಗೆ ಬಂದು ಮಣಿ ಎಣಿಸಿದೆ. ಊಟದ ಟೇಬಲ್ಲಿನ ಒಂದು ಮೂಲೆ ನನ್ನದು. ಸಾಲಿನ ಹದಿನೇಳನೇ ಮಣಿಗೆ ಕುಕ್ಕರ್ ಮೂರನೇ ಸೀಟಿ ಹೊಡೆದರೆ ಎರಡರಲ್ಲಿ ಒಂದು ಲೆಕ್ಕ ತಪ್ಪಲೇಬೇಕು. ಎಷ್ಟೋ ಸಲ ಬೇಳೆ ಕರಗಿಹೋಗಿದೆ, ಸಾಲು ಮಾತ್ರ ಸರಿ ಬಂದಿದೆ.

ನನಗೆ ಸೂಜಿ ಹಿಡಿಸಿದವಳು ಅಜ್ಜಿಯೇ. ಕಂಚಿನ ಗಂಗಾಳದಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಮಣಿ ಹರಡುತ್ತಿದ್ದಳು, ಉರುಳಿಹೋಗಬಾರದಲ್ಲ. ಅಂಗಡಿಯ ಸೂಜಿಯ ಕಣ್ಣು ಸಾಸಿವೆಯಷ್ಟು ಮಣಿಯಲ್ಲಿ ತೂರದು. ಕೂದಲೆಳೆಯಂಥ ತಂತಿ ಮಡಚಿ ಹೊಸೆದು ಸೂಜಿ ಮಾಡುತ್ತಿದ್ದಳು. ದಾರಕ್ಕೆ ಜೇನುಮೇಣ ಎಳೆಯುತ್ತಿದ್ದಳು. ಎರಡು ಹೊಸ ಮಣಿ ಏರಿಸು, ಹಿಂದಿನ ಸಾಲಿನ ಒಂದು ಹಳೇ ಮಣಿಯೊಳಗೆ ಹಾದು ಬಾ. ಮತ್ತೆ ಎರಡು, ಮತ್ತೆ ಒಂದು. ಗಂಟಿಲ್ಲ, ಹೊಲಿಗೆಯಿಲ್ಲ, ಕೆಳಗೆ ಬಟ್ಟೆಯೂ ಇಲ್ಲ. ಒಂದು ಮಣಿ ಇನ್ನೊಂದನ್ನು ಹಿಡಿದುಕೊಂಡು ನಿಲ್ಲಬೇಕು. ಧಾರವಾಡದ ಹೆಂಗಸರಿಗೆ ಇದು ಹೊಸ ವಿದ್ಯೆಯಾಗಿ ಕಂಡಿರಲಾರದು. ಕಸೂತಿಯಲ್ಲೂ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿ ವೃಂದಾವನ ಏಳಿಸುತ್ತಾರೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಪಳಗಿದ ಬೆರಳಿಗೆ ಎಳೆಯ ಬದಲು ಮಣಿ ಎಣಿಸುವುದು ಎಷ್ಟರ ಮಾತು? ಅಜ್ಜಿಯ ತೋರಣದ ಎರಡು ತುದಿಯ ಗೋಪುರಗಳು ಇಳಕಲ್ ಸೀರೆಯ ಮೇಲಿನ ಕಸೂತಿಯಿಂದ ನೆಟ್ಟಗೆ ಎದ್ದುಬಂದವು.

ಕೈ ಧಾರವಾಡದ್ದಾಯಿತು, ಮಣಿ? ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಬ್ಯಾಂಕಿನ ವರ್ಗಾವಣೆಗಳಿಂದ. ರಾಯಚೂರು ಜಿಲ್ಲೆಯಲ್ಲಿದ್ದಾಗ ಒಂದು ರವಿವಾರ ಮಸ್ಕಿಗೆ ಹೋಗಿದ್ದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರೇ ಇರುವ ಶಾಸನದಿಂದ ಆ ಊರು ಪ್ರಸಿದ್ಧ. ನನಗೆ ಹುಚ್ಚು ಹಿಡಿಸಿದ್ದು ಶಾಸನವಲ್ಲ. 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ಅಗೆಸಿದಾಗ ಮಣ್ಣಿನ ಪದರಗಳಲ್ಲಿ ಅಗೇಟ್, ಕಾರ್ನೀಲಿಯನ್ ಕಲ್ಲಿನ ಮಣಿಗಳು ಸಿಕ್ಕಿದ್ದವು, ಗಾಜಿನವೂ ಇದ್ದವು. ಚಕ್ರವರ್ತಿಯ ಆಜ್ಞೆ ಬಂಡೆಯ ಮೇಲೆ ಉಳಿಯಿತು, ಯಾರದೋ ಕೊರಳಿನ ಸರ ಹರಿದು ಮಣ್ಣಿಗೆ ಬಿದ್ದು ಉಳಿಯಿತು. ಒಂದನ್ನು ಓದಬಹುದು, ಇನ್ನೊಂದನ್ನು ಎಣಿಸಬಹುದು ಅಷ್ಟೆ.

ಗಾಜನ್ನು ಇಷ್ಟು ಸಣ್ಣ ಮಣಿ ಮಾಡುವ ಯುಕ್ತಿಯಲ್ಲಿ ದಕ್ಷಿಣ ಭಾರತಕ್ಕೆ ಸಾಟಿ ಇರಲಿಲ್ಲ. ಪುದುಚೇರಿಯ ಹತ್ತಿರದ ಅರಿಕಮೇಡನ್ನು 1945ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಎರಡು ಸಾವಿರ ವರ್ಷ ಹಿಂದೆ ರೋಮನರ ಜೊತೆ ವ್ಯಾಪಾರ ಮಾಡುತ್ತಿದ್ದ ಆ ಬಂದರಿನಲ್ಲಿ ಮಣಿಯ ಕಾರ್ಖಾನೆಯೇ ಇತ್ತು. ಇಂಥ ಮಣಿಗಳು ಆಫ್ರಿಕದ ಪೂರ್ವ ಕರಾವಳಿಯಿಂದ ಕೊರಿಯದವರೆಗೆ ಸಿಗುತ್ತವೆ. ವಿದ್ವಾಂಸರು ಇವನ್ನು ಇಂಡೋ-ಪೆಸಿಫಿಕ್ ಮಣಿ ಎನ್ನುತ್ತಾರೆ. ಅದೇ ಯುಕ್ತಿ ತಿರುಪತಿಯ ಕಡೆಯ ಪಾಪಾನಾಯ್ಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಕೊಳವೆಗೆ ಸುತ್ತಿ, ನಡುವೆ ಪೊಳ್ಳು ಬಿಟ್ಟು, ಕುಲುಮೆಯ ಬಾಯಿಂದ ಎಳೆಯುತ್ತ ಹೋಗುತ್ತಾರೆ. ಗಾಜು ಶಾವಿಗೆಯಂತೆ ಉದ್ದವಾಗುತ್ತದೆ, ಆದರೆ ನಡುವಿನ ತೂತು ಮುಚ್ಚುವುದಿಲ್ಲ. ಮುದ್ದೆಯಲ್ಲಿದ್ದ ದೊಡ್ಡ ಪೊಳ್ಳೇ ಎಳೆದೆಳೆದು ಕೂದಲು ಹೋಗುವಷ್ಟು ಸಣ್ಣದಾಗುತ್ತದೆ. ಆಮೇಲೆ ಆ ಕೊಳವೆಯನ್ನು ಚೂರು ಚೂರು ಕತ್ತರಿಸಿ, ಬೂದಿಯಲ್ಲಿ ಕಲಸಿ ಮತ್ತೆ ಕಾಯಿಸುತ್ತಾರೆ. ಬೂದಿ ತೂತಿನೊಳಗೆ ಹೊಕ್ಕು ಅದು ಮುಚ್ಚದಂತೆ ಕಾಯುತ್ತದೆ, ಚೂರಿನ ಹರಿತ ಅಂಚು ಬಿಸಿಗೆ ಕರಗಿ ದುಂಡಗಾಗುತ್ತದೆ. ಮಣಿಗೆ ತೂತು ಕೊರೆಯುತ್ತಾರೆಂದು ನಾನು ಅರ್ಧ ಆಯುಷ್ಯ ನಂಬಿದ್ದೆ. ಗಾಜಿನ ಮಣಿಯಲ್ಲಿ ಮೊದಲು ಹುಟ್ಟುವುದೇ ತೂತು.

ಅಜ್ಜಿಯ ಗಂಗಾಳದಲ್ಲಿದ್ದವು ಮಾತ್ರ ಈ ಮಣಿಗಳಲ್ಲ. ಆಕೆ ಅವನ್ನು ‘ಜರ್ಮನ್ ಮಣಿ’ ಅನ್ನುತ್ತಿದ್ದಳು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಸಣ್ಣ ಗಾಜಿನ ಮಣಿಯ ಪೇಟೆಯನ್ನು ಯುರೋಪು ಹಿಡಿದಾಗಿತ್ತು. ಒಂದು ಕಡೆ ವೆನಿಸ್ಸಿನ ಮುರಾನೊ ದ್ವೀಪ. ಊರಿಗೆ ಬೆಂಕಿಯ ಭಯವೆಂದು 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಸಾಗಿಸಿದ್ದು ಅಲ್ಲಿಗೆ. ಇನ್ನೊಂದು ಕಡೆ ಬೊಹೀಮಿಯದ ಗುಡ್ಡಗಾಡಿನ ಯಾಬ್ಲೊನೆಟ್ಸ್. ಅಲ್ಲಿನ ಜರ್ಮನ್ ಮಾತಿನವರ ಬಾಯಲ್ಲಿ ಗಾಬ್ಲೊಂಟ್ಸ್. ನಮ್ಮ ದೇಶದ ಹೆಂಗಸರ ಕೈಗೆ ಗಾಜಿನ ಬಳೆಯನ್ನೂ ಆ ಊರು ರಾಶಿಗಟ್ಟಲೆ ಕಳಿಸುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ಮನೆಯಲ್ಲೇ ಕೂತು ಮಣಿಯನ್ನು ದಾರಕ್ಕೇರಿಸಿ ಕಟ್ಟು ಕಟ್ಟುತ್ತಿದ್ದರು. ಆ ಕಟ್ಟುಗಳೇ ಹಡಗು ಹತ್ತುತ್ತಿದ್ದವು. ಅಲ್ಲೊಬ್ಬಳು ಒಲೆಯ ಮುಂದೆ ಕೂತು ಪೋಣಿಸಿದ್ದನ್ನು ಇಲ್ಲೊಬ್ಬಳು ಒಲೆಯ ಮುಂದೆ ಕೂತು ಬಿಚ್ಚಿ ಮತ್ತೆ ಪೋಣಿಸುತ್ತಿದ್ದಳು.

ಹೊರದೇಶದ ಮಣಿಯನ್ನು ಮನೆಯ ಸಂಪತ್ತು ಮಾಡಿಕೊಂಡವರಲ್ಲಿ ಸೌರಾಷ್ಟ್ರದವರು ಮುಂದು. ಆಫ್ರಿಕದ ಜೊತೆ ವ್ಯಾಪಾರವಿದ್ದ ಗುಜರಾತಿ ಸಾಹುಕಾರರ ಮೂಲಕ ಬಂದ ವೆನಿಸ್ಸಿನ ಮಣಿಯಿಂದ ಅಲ್ಲಿನ ಹೆಂಗಸರು ತೋರಣ, ಗೋಡೆಯ ಚೌಕ, ಕೊಡ ಹೊರುವ ಸಿಂಬೆ ಎಲ್ಲವನ್ನೂ ಹೆಣೆದರು. ‘ಮೋತಿ ಭರತ್’ ಎಂದೇ ಹೆಸರು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಮನೆಗೆ ಮಣಿ ಬರುತ್ತಿದ್ದದ್ದು ಮುಂಬಯಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಅಜ್ಜನ ಕೋಟಿನ ಜೇಬಿಗೆ.

ನನ್ನ ಹರೆಯದ ಹೊತ್ತಿಗೆ ಗಾಜು ಹೋಗಿ ಪ್ಲಾಸ್ಟಿಕ್ ಬಂದಿತ್ತು. ಎಪ್ಪತ್ತರ ದಶಕದ ಮನೆಗಳ ಶೋಕೇಸ್ ನೆನಪಿದ್ದವರಿಗೆ ಹೇಳಬೇಕಿಲ್ಲ: ಮಣಿಯ ಅನಾನಸು, ಮಣಿಯ ನಾಯಿಮರಿ, ಮಣಿಯ ಹಂಸ. ದಾರದ ಬದಲು ಮೀನು ಹಿಡಿಯುವ ತಂಗೂಸು. ಅದರ ಎರಡು ತುದಿಗಳನ್ನು ಒಂದೇ ಮಣಿಯೊಳಗೆ ಎದುರುಬದುರು ಹಾಯಿಸಿ ಎಳೆದರೆ ಸಾಕು, ಚಪ್ಪಟೆ ಹೆಣಿಗೆ ಎದ್ದು ನಿಂತು ಗೊಂಬೆಯಾಗುತ್ತಿತ್ತು. ಅಜ್ಜಿ ಕೈಯಲ್ಲಿ ಹಿಡಿದು ತೂಗಿ ನೋಡಿ, “ಭಾರನ ಇಲ್ಲಲ್ಲ ಇದಕ್ಕ” ಅಂದು ಕೆಳಗಿಟ್ಟಳು.

ಭಾರದ ಮಾತು ಅರ್ಥವಾದದ್ದು ಕಾರವಾರಕ್ಕೆ ವರ್ಗವಾದ ಮೇಲೆ. ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರಲು ಕೂತ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳಲ್ಲಿ ಕುತ್ತಿಗೆಯಿಂದ ಎದೆಯವರೆಗೆ ಸಾಲುಸಾಲು ಮಣಿಸರ. ಅವರಿಗೆ ಅದು ಹವ್ಯಾಸವಲ್ಲ, ಉಡುಪು. ನನ್ನ ಮುಂದಿದ್ದ ಅಜ್ಜಿಯೊಬ್ಬಳ ಸರ ಹರಿದು ಹಳದಿ ಮಣಿ ಹರಿವೆ ಸೊಪ್ಪಿನ ಮೇಲೆ ಚೆಲ್ಲಿತು. ಗಿರಾಕಿಯನ್ನು ಕಾಯಲು ಹೇಳಿ ಒಂದೊಂದೇ ಆರಿಸಿ ಸೆರಗಿನ ತುದಿಗೆ ಕಟ್ಟಿದಳು. ಸಂಜೆ ಮನೆಗೆ ಹೋಗಿ ಪೋಣಿಸುತ್ತಾಳಂತೆ. 2017ರಲ್ಲಿ ಅದೇ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಾಗ, 2021ರ ನವೆಂಬರಿನಲ್ಲಿ ಅದೇ ಪ್ರಶಸ್ತಿಗೆ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದು ಬಂದಾಗ, ದೇಶವೆಲ್ಲ ಆ ಸರಗಳನ್ನು ನೋಡಿತು. ನಾನು ಟೀವಿಯ ಮುಂದೆ ಕೂತು ಎಣಿಸಲು ಹೋಗಿ ಸೋತೆ.

ಮತ್ತೆ ತೋರಣಕ್ಕೆ ಬರುತ್ತೇನೆ. ಬಿಚ್ಚುವ ಮುಂಚೆ ಪ್ರತಿ ಸಾಲನ್ನೂ ಚೌಕಳಿ ಹಾಳೆಗೆ ಇಳಿಸಿಕೊಂಡೆ. ಮೊದಲನೇ ಸಲ ಅದನ್ನು ಓದುವುದು ಬಿಟ್ಟು ಅಜ್ಜಿಯಂತೆ ಎಣಿಸಿದೆ. ಎರಡು ಸಂಗತಿ ಕಂಡವು. ಅಕ್ಷರ ಅಕ್ಷರದ ನಡುವೆ ಎಲ್ಲ ಕಡೆ ಬಿಳಿಯ ಎರಡು ಸಾಲು ಬಿಟ್ಟಿದ್ದಾಳೆ, ‘ಸ್ವ’ ಮತ್ತು ‘ಗ’ ನಡುವೆ ಮಾತ್ರ ಆರು. ದೀರ್ಘದ ಜಾಗ ಹಾಗೇ ಇದೆ, ಅದರಲ್ಲಿ ಬಿಳಿ ಮಣಿ ತುಂಬಿದೆ. ಎರಡನೆಯದು ಕೊನೆಯ ‘ತ’. ಅದರ ಅರ್ಧ ದಾಳಿಂಬೆ ಕಾಳಿನಂಥ ಕೆಂಪು, ಉಳಿದರ್ಧ ಹವಳದ ಬಣ್ಣದ ಬೇರೆ ಮಣಿ, ನಮ್ಮ ಮನೆಯ ಹಳೇ ಬೀಸಣಿಕೆಯ ಅಂಚಿಗಿದ್ದಂಥವು.

ಬೊಹೀಮಿಯದ ಆ ಸೀಮೆಯನ್ನು ಹಿಟ್ಲರನ ಜರ್ಮನಿ 1938ರ ಅಕ್ಟೋಬರಿನಲ್ಲಿ ನುಂಗಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಯುದ್ಧ. ಬ್ರಿಟಿಷರ ಆಳ್ವಿಕೆಯ ನಮ್ಮಲ್ಲಿಗೆ ಶತ್ರುದೇಶದ ಸಾಮಾನು ಬರುವುದು ನಿಂತಿತು. 1942ಕ್ಕೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಉಳಿದಿದ್ದರೆ ಹಳೇ ದಾಸ್ತಾನಿನ ಚೂರುಪಾರು. (ಯುದ್ಧ ಮುಗಿದ ಮೇಲೆ ಗಾಬ್ಲೊಂಟ್ಸಿನ ಜರ್ಮನ್ ಕುಶಲಕರ್ಮಿಗಳನ್ನೂ ಹೊರಹಾಕಿದರು, ಅವರಲ್ಲಿ ಬಹಳ ಜನ ಬವೇರಿಯದ ಕೌಫ್‌ಬೊಯ್ರನ್ ಹತ್ತಿರ ಹೊಸ ಗಾಬ್ಲೊಂಟ್ಸ್ ಕಟ್ಟಿಕೊಂಡರು.) ಅಜ್ಜಿ ಎಡದಿಂದ ಬಲಕ್ಕೆ ಹೆಣೆಯುತ್ತ ‘ಸ್ವ’ ಮುಗಿಸಿದಾಗ ಗಂಗಾಳದಲ್ಲಿ ಉಳಿದ ಕೆಂಪು ಎಣಿಸಿರಬೇಕು, ಹಾಳೆಯ ಮೇಲೆ ಉಳಿದ ಚೌಕ ಎಣಿಸಿರಬೇಕು. ಲೆಕ್ಕ ಕೂಡಲಿಲ್ಲ. ಓದಲು ಬಾರದವಳ ಕಣ್ಣಿಗೆ ಅಲ್ಲಿ ಬಿಟ್ಟರೂ ನಡೆಯುವಂಥದ್ದು ಆ ಬಾಲವೊಂದೇ. ಬಿಟ್ಟಳು. ಆದರೂ ‘ತ’ಕ್ಕೆ ಸಾಲಲಿಲ್ಲ, ಬೀಸಣಿಕೆಗೆ ಕೈಹಾಕಿದಳು.

ಮಣಿ ಸಾಲಲಿಲ್ಲ ಎಂದು ಒಂದು ಮಾತು ಹೇಳಬಹುದಿತ್ತಲ್ಲ? ಹೇಳಿದ್ದರೆ ಮದುವೆಮನೆಯಲ್ಲಿ ತಂದುಕೊಡದವರ ಮಾತು ಬರುತ್ತಿತ್ತು. ಮಾಸ್ತರಿಕೆಯ ಸಂಬಳ, ಯುದ್ಧದ ತುಟ್ಟಿ, ಮಗಳ ಮದುವೆ. ತನಗೆ ಎಣಿಸಲು ಬರಲಿಲ್ಲ ಎಂದುಕೊಳ್ಳಲಿ ಎಂದು ಸುಮ್ಮನಾದಳು, ಅಜ್ಜನ ಚೇಷ್ಟೆಗೆ ನಲವತ್ತು ವರ್ಷ ಒಳಗಿನಿಂದ ಉತ್ತರ ಕೊಟ್ಟಳು. ಬಾಗಿಲ ಮೇಲೆ ಎಲ್ಲರೂ ನೋಡುವಂತೆ ತೂಗುತ್ತಿದ್ದದ್ದು ಸ್ವಗತವೇ, ಅಜ್ಜ ಹೇಳಿದ್ದು ನಿಜ.

ಸೊಸೆ ಮೊಬೈಲಿನಲ್ಲಿ ಕೆಂಪು ಮಣಿ ತರಿಸಿಕೊಟ್ಟಳು, ಜಪಾನಿನವು. ಎಲ್ಲವೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಅಳತೆ. “ಈಗರೆ ದೀರ್ಘ ಹಾಕ್ರಿ ಅತ್ತಿ” ಅಂದಳು. ಹಾಕಲಿಲ್ಲ. ಆರು ಸಾಲು ಬಿಳಿಯನ್ನು ಇದ್ದಂತೆಯೇ ಪೋಣಿಸಿದೆ. ಆ ಬಾಲಕ್ಕೆ ಬೇಕಾಗುವುದು ಹದಿನಾಲ್ಕು ಮಣಿ. ಅಷ್ಟನ್ನು ಎಣಿಸಿ ಬೇರೆ ದಾರಕ್ಕೇರಿಸಿ, ತೋರಣದ ಹಿಂದೆ, ಬೀದಿಗೆ ಕಾಣದ ಮಗ್ಗುಲಿಗೆ ಕಟ್ಟಿಟ್ಟಿದ್ದೇನೆ.