ಬಂಡೆ ಕುಡಿದ ಸಾಬೂನು: ತೈಲೋದ್ಯಮ ನಷ್ಟ ತಡೆಯಲು ಕಲಿತ ಬಗೆ

ಬಾವಿಗಳಿಗೆ ವರ್ಷಗಟ್ಟಲೆ ನೀರು ಹಾಯಿಸಿದ ಮೇಲೂ ತೈಲನಿಕ್ಷೇಪದ ಬಂಡೆಯೊಳಗೆ ಎಣ್ಣೆ ಹನಿಹನಿಯಾಗಿ ಸಿಕ್ಕಿಕೊಂಡೇ ಇರುತ್ತದೆ. ಸಾಬೂನಿನ ಗುಣವುಳ್ಳ ಸರ್ಫ್ಯಾಕ್ಟೆಂಟ್ ಬೆರೆಸಿದ ನೀರು ಅದನ್ನು ಬಿಡಿಸಬಲ್ಲದು. ಆದರೆ ಎಣ್ಣೆಯನ್ನು ಮುಟ್ಟುವ ಮೊದಲೇ ಬಂಡೆ ಆ ಸರ್ಫ್ಯಾಕ್ಟೆಂಟನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದೇ ಅಧಿಶೋಷಣೆ.

ಒಂದು ಲೆಕ್ಕ ಹಾಕೋಣ. ಶೇ. 20ರಷ್ಟು ರಂಧ್ರಗಳಿರುವ 1 ಘನಮೀಟರ್ ಮರಳುಗಲ್ಲಿನ ತೂಕ ಸುಮಾರು 2,120 ಕಿಲೊ. ಗ್ರಾಂ ಬಂಡೆಗೆ ಅರ್ಧ ಮಿಲಿಗ್ರಾಂ ಅಂಟಿದರೂ 1 ಕಿಲೊಗಿಂತ ಹೆಚ್ಚು ರಾಸಾಯನಿಕ ಹೋಯಿತು. ರಂಧ್ರಗಳ ಗಾತ್ರದ ಶೇ. 30ರಷ್ಟು, ಅಂದರೆ 60 ಲೀಟರ್, ಶೇ. 2ರ ದ್ರಾವಣ ಕಳಿಸಿದರೆ ಅದರಲ್ಲಿ ಇರುವುದೇ 1.2 ಕಿಲೊ. ಎಣ್ಣೆಯ ಪಾಲಿಗೆ ಉಳಿಯುವುದು ಅತ್ಯಲ್ಪ.

ಅಮೆರಿಕದಲ್ಲಿ ಮ್ಯಾರಥಾನ್ ಮುಂತಾದ ಕಂಪನಿಗಳು 1960ರ ದಶಕದಲ್ಲಿ ಸರ್ಫ್ಯಾಕ್ಟೆಂಟ್ ಆಗಿ ಪೆಟ್ರೋಲಿಯಂ ಸಲ್ಫೊನೇಟ್‌ಗಳನ್ನು ಹಿಡಿದು ಹೊರಟಾಗ ಎದುರಾದದ್ದು ಈ ಲೆಕ್ಕವೇ. ಭಾರದ ಅಣುಗಳೇ ಹೆಚ್ಚು ಅಂಟುತ್ತವೆಂದು ಗೇಲ್ ಮತ್ತು ಸ್ಯಾಂಡ್‌ವಿಕ್ 1973ರಲ್ಲಿ ತೋರಿಸಿದರು. ಮೊದಲು ಸಿಹಿನೀರು ಹಾಯಿಸಿ, ಈ ನಷ್ಟ ಹೆಚ್ಚಿಸುವ ಬಂಡೆಯ ಉಪ್ಪು, ಕ್ಯಾಲ್ಸಿಯಂಗಳನ್ನು ತೊಳೆಯುವ ಉಪಾಯ ಸುಲಭವೆನಿಸಿತ್ತು. ಆದರೆ ಜೇಡಿಮಣ್ಣು ತಾನು ಹಿಡಿದಿಟ್ಟ ಕ್ಯಾಲ್ಸಿಯಂ ಅನ್ನು ಆಮೇಲೆ ಬಂದ ದ್ರಾವಣಕ್ಕೆ ಬಿಟ್ಟುಕೊಡುತ್ತಿತ್ತು. ಟೆಕ್ಸಾಕೊದ ಕಲ್ಫೊಗ್ಲು ಇನ್ನೊಂದು ದಾರಿ ಹಿಡಿದರು. ಕಾಗದದ ತಿರುಳು ತಯಾರಿಕೆಯಲ್ಲಿ ಉಳಿಯುವ ಅಗ್ಗದ ಲಿಗ್ನೊಸಲ್ಫೊನೇಟನ್ನು ಹರಕೆಯ ಕುರಿಯಂತೆ ಬಂಡೆಗೆ ಒಪ್ಪಿಸುವುದು. ಇದಕ್ಕೆ 1977ರಲ್ಲಿ ಪೇಟೆಂಟ್ ದೊರೆಯಿತು.

ಬಂಡೆ ಯಾಕೆ ಕುಡಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಅದಾಗಲೇ ಬೇರೊಂದು ಕಡೆ ಸಿಕ್ಕಿತ್ತು. ನೊರೆಯಲ್ಲಿ ಅದಿರನ್ನು ತೇಲಿಸಿ ಬೇರ್ಪಡಿಸುವವರಿಗೆ ಖನಿಜದ ಮೈಗೆ ಅಣು ಅಂಟಲೇಬೇಕು; ಅವರ ಲಾಭವೇ ತೈಲದವರ ನಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ಓದಿ ಬರ್ಕ್ಲಿಗೆ ಹೋದ ಪಿ. ಸೋಮಸುಂದರನ್, ಗುರು ಫ್ಯುರ್ಸ್ಟೆನೌ ಜೊತೆ 1966ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ಈ ಚರಿತ್ರೆಯ ತಿರುವೆಂದೇ ಎಣಿಸುತ್ತೇನೆ. ಅಲ್ಯುಮಿನಾದ ಮೇಲೆ ಸಲ್ಫೊನೇಟ್ ಅಣುಗಳು ಮೊದಮೊದಲು ಬಿಡಿಬಿಡಿಯಾಗಿ ಕೂರುತ್ತವೆ. ದ್ರಾವಣದ ಸಾಂದ್ರತೆ ಒಂದು ಮಿತಿ ದಾಟಿದೊಡನೆ ಬಾಲಕ್ಕೆ ಬಾಲ ಸೇರಿಸಿ ಗುಂಪುಗೂಡುತ್ತವೆ. ಕ್ಷಾರತೆ ಏರಿಸುತ್ತ ಹೋದರೆ ಅಲ್ಯುಮಿನಾದ ಮೈಯ ಧನಾವೇಶ ಕುಗ್ಗಿ, ಪಿಎಚ್ ಸುಮಾರು 9ರಲ್ಲಿ ಇಲ್ಲವಾಗಿ, ಮುಂದೆ ಋಣಾವೇಶಕ್ಕೆ ತಿರುಗುತ್ತದೆ. ಋಣಾವೇಶದ ಸಲ್ಫೊನೇಟಿಗೆ ಅಲ್ಲಿ ನೆಲೆಯಿಲ್ಲ. ಮುಂದೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸೋಮಸುಂದರನ್ ತೈಲನಿಕ್ಷೇಪದ ಬಂಡೆಗಳ ಅಧಿಶೋಷಣೆಯನ್ನೇ ಅಧ್ಯಯನಕ್ಕೆತ್ತಿಕೊಂಡರು.

ಹಾಗಾಗಿ ಬಂಡೆಯನ್ನು ತೊಳೆಯುವುದಕ್ಕಿಂತ ಅದರ ಆವೇಶ ಬದಲಿಸುವುದು ಮೇಲು. ಶೆಲ್‌ನ ನೆಲ್ಸನ್ ಮತ್ತು ಸಂಗಡಿಗರು 1984ರಲ್ಲಿ ಕ್ಷಾರ, ಸರ್ಫ್ಯಾಕ್ಟೆಂಟ್‌ಗಳನ್ನು ಜೊತೆಗೂಡಿಸಿದರು. ಸುಣ್ಣಕಲ್ಲಿನಲ್ಲೂ ವಾಷಿಂಗ್ ಸೋಡಾ ಫಲಿಸುತ್ತದೆ, ಅದರ ಕಾರ್ಬೊನೇಟ್ ಅಯಾನೇ ಕ್ಯಾಲ್ಸೈಟಿನ ಆವೇಶವನ್ನು ತಿರುಗಿಸುತ್ತದೆ ಎಂದು ರೈಸ್ ವಿಶ್ವವಿದ್ಯಾಲಯದ ಹಿರಾಸಾಕಿ ಮತ್ತು ಜಾಂಗ್ 2004ರಲ್ಲಿ ವಿವರಿಸಿದರು. ಗುಜರಾತಿನ ವಿರಾಜ್ ಕ್ಷೇತ್ರದಲ್ಲಿ ಒಎನ್‌ಜಿಸಿ 2002ರಲ್ಲಿ ಆರಂಭಿಸಿದ ಪ್ರಯೋಗದಲ್ಲೂ ಇದೇ ಸೋಡಾ ಇತ್ತು.

ಕ್ಷಾರಕ್ಕೂ ಬೆಲೆ ತೆರಬೇಕಾಯಿತು. ಚೀನಾದ ದಾಚಿಂಗ್‌ನಲ್ಲಿ ಕಾಸ್ಟಿಕ್ ಸೋಡಾ ಬಂಡೆಯ ಸಿಲಿಕಾ ಕರಗಿಸಿ, ಅದು ಬಾವಿಯ ಪಂಪುಗಳಲ್ಲಿ ಗಟ್ಟಿಗೊಂಡಾಗ ಮೃದು ಕ್ಷಾರದ ಮೊರೆಹೋಗಬೇಕಾಯಿತು. ಜಿಪ್ಸಮ್ ಇರುವ ಬಂಡೆಯಲ್ಲಂತೂ ವಾಷಿಂಗ್ ಸೋಡಾವೇ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಗಸಿಯಾಗಿ ಕೂತುಬಿಡುತ್ತದೆ. ಅಂಥ ಕಡೆಗೆಂದೇ ರೈಸ್‌ನ ಸಂಶೋಧಕರು 2014ರಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಮುಂದಿಟ್ಟರು. ಋಣಾವೇಶದ ಈ ಅಗ್ಗದ ಪಾಲಿಮರ್ ಬಂಡೆಯ ಧನಾವೇಶದ ಜಾಗಗಳಲ್ಲಿ ತಾನೇ ಕೂತು ಸರ್ಫ್ಯಾಕ್ಟೆಂಟಿಗೆ ದಾರಿ ಬಿಡುತ್ತದೆ: ಕಲ್ಫೊಗ್ಲು ಅವರ ಹರಕೆಯ ಕುರಿ, ಈ ಸಲ ಆವೇಶ ನೋಡಿ ಆರಿಸಿದ್ದು.