ಬೆಳಗಿನ ವಚನ, ಸಂಜೆಯ ಕೂಲಿ

ಬೆಳಿಗ್ಗೆ ಆರು ಗಂಟೆ ಅಂದ್ಕೊಳ್ಳಿ. ಮೂಡಿಗೆರೆ ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಫೋನ್ ಒಂದು ಸಲ ಟಿಂಗ್ ಅನ್ನುತ್ತೆ. ವಾಟ್ಸಾಪ್‌ನಲ್ಲಿ ಇವತ್ತಿನ ಬೈಬಲ್ ವಚನ, ಅದರ ಕೆಳಗೆ ನಾಲ್ಕು ಸಾಲಿನ ಮನನ, ಕೊನೆಗೆ ಒಂದು ಪುಟ್ಟ ಪ್ರಾರ್ಥನೆ. ಓದೋಕೆ ಎರಡು ನಿಮಿಷ, ಫಾರ್ವರ್ಡ್ ಮಾಡೋಕೆ ಎರಡು ಸೆಕೆಂಡ್. ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದದ್ದು ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಈ ಅಭ್ಯಾಸಕ್ಕೆ ಸುಮಾರು 300 ವರ್ಷ ವಯಸ್ಸು. ಇನ್ನೊಂದು ವಿಷಯ ಗೊತ್ತಾ? ಅದು ಹುಟ್ಟಿದ್ದೂ ಒಂದು ಎಸ್ಟೇಟಿನಲ್ಲೇ.

ಜರ್ಮನಿಯ ಪೂರ್ವಭಾಗದಲ್ಲಿ ಹೆರ್ನ್‌ಹುಟ್ ಅಂತ ಒಂದು ಊರಿದೆ. 1722ರಲ್ಲಿ ಮೊರಾವಿಯಾ ಎಂಬ ಪಕ್ಕದ ಪ್ರಾಂತ್ಯದಿಂದ ಧರ್ಮದ ಕಾರಣಕ್ಕೆ ಓಡಿಬಂದ ಜನ, ಜಿನ್‌ಜೆಂಡಾರ್ಫ್ ಎಂಬ ಜಮೀನುದಾರನ ನೆಲದಲ್ಲಿ ಮನೆ ಕಟ್ಟಿಕೊಂಡರು. 1728ರ ಮೇ 3ರ ಸಂಜೆ ಆ ಜಮೀನುದಾರ ಮರುದಿನಕ್ಕೆ ಅಂತ ಒಂದು ವಚನ ಕೊಟ್ಟ. ಬೆಳಿಗ್ಗೆ ಅದನ್ನು ಬಾಯಿಮಾತಿನಲ್ಲೇ ಮನೆಮನೆಗೆ ಮುಟ್ಟಿಸಿದರು. ಆ ಕಾಲದ ಫಾರ್ವರ್ಡ್ ಅದೇ ನೋಡಿ! 1731ರಿಂದ ಇಡೀ ವರ್ಷದ ವಚನಗಳು ಪುಸ್ತಕವಾಗಿ ಬರತೊಡಗಿದವು. ಇವತ್ತಿಗೂ ಪ್ರತಿ ವರ್ಷ ಬರುತ್ತಿವೆ.

ದಿನಾ ಮನೆಯಲ್ಲೇ, ತನ್ನ ಭಾಷೆಯಲ್ಲೇ ಬೈಬಲ್ ಓದಬೇಕು ಎನ್ನುವ ಈ ಪಂಥಕ್ಕೆ ಪಯೆಟಿಸಂ ಅಂತ ಹೆಸರು. ಅದೇ ಗಾಳಿಯಲ್ಲಿ ಬೆಳೆದವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು. ಅವರು ಬರುವಷ್ಟರಲ್ಲಿ ಬೈಬಲ್ ಕನ್ನಡಕ್ಕೆ ಬಂದಾಗಿತ್ತು. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ನಡೆಸಿದ ಅನುವಾದ 1831ರ ಹೊತ್ತಿಗೆ ಪೂರ್ತಿ ಅಚ್ಚಾಗಿತ್ತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರ ಹೆಸರು ನೀವು ಕೇಳಿರುತ್ತೀರಿ. 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು, ಕನ್ನಡ ಪತ್ರಿಕೋದ್ಯಮಕ್ಕೆ ಮೊದಲ ಅಕ್ಷರ ಹಾಕಿಕೊಟ್ಟವರು. ನೀವು ಈಗ ಸುದ್ದಿತಾಣದಲ್ಲಿ ಈ ಮಾತು ಓದುತ್ತಿದ್ದೀರಲ್ಲ, ಅದರ ಬೇರೂ ಬೈಬಲ್ ಅಚ್ಚು ಹಾಕುತ್ತಿದ್ದವರ ಅಂಗಳದಲ್ಲೇ ಇದೆ.

ಇದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋದರು. ಅಲ್ಲಿ ಜೀತಕ್ಕಿದ್ದ ಕೆಲವು ದಲಿತ ಕುಟುಂಬಗಳು ಕ್ರೈಸ್ತರಾದಾಗ ಅವರಿಗಾಗಿ ಆನಂದಪುರ ಎಂಬ ಊರು ಎದ್ದಿತು. ಅಂದರೆ ನಮ್ಮ ಕಾಫಿ ಸೀಮೆಯಲ್ಲಿ ವಚನ ಮತ್ತು ಕೂಲಿಯ ಪ್ರಶ್ನೆ ಮೊದಲಿನಿಂದಲೂ ಜೊತೆಯಲ್ಲೇ ನಡೆದಿವೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರೋಣ.

ಈಗ ಮೂಡಿಗೆರೆಗೆ ಬರೋಣ. ಇಲ್ಲಿಯ ಕ್ರೈಸ್ತರಲ್ಲಿ ಕಥೋಲಿಕರು ಬಹಳ. ಚಾರ್ಮಾಡಿ ಘಾಟಿ ಹತ್ತಿ ದಕ್ಷಿಣ ಕನ್ನಡದಿಂದ ಬಂದ ಕೊಂಕಣಿ ಮಾತಿನವರು, ತೋಟದ ಕೆಲಸಕ್ಕೆ ಬಂದ ತಮಿಳರು, ಮಲಯಾಳಿಗಳು, ಕನ್ನಡಿಗರು. ಕೊಂಕಣಿ ಮನೆಯಲ್ಲಿ ಸಂಜೆಯ ಜಪಸರ, ಅವರ ಮಾತಲ್ಲಿ ತೇರ್ಸ್, ಕೊಂಕಣಿಯಲ್ಲೇ ನಡೆಯುತ್ತೆ. ಆದರೆ ಲಿಪಿ ಕನ್ನಡ. ಮಂಗಳೂರಿನಿಂದ 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯನ್ನು ಈ ಬೆಟ್ಟದವರು ಓದಿದ್ದೂ ಕನ್ನಡ ಅಕ್ಷರದಲ್ಲೇ.

ಇಷ್ಟೆಲ್ಲ ಭಾಷೆಯಿದ್ದರೂ ಬಹುಕಾಲ ಬಲಿಪೂಜೆಯ ಭಾಷೆ ಲ್ಯಾಟಿನ್. ಪ್ರಸಂಗ ಮಾತ್ರ ಜನರ ಮಾತಿನಲ್ಲಿ. 1963ರ ನವೆಂಬರ್‌ನಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತು. ಮರುತಿಂಗಳೇ, ಡಿಸೆಂಬರ್ 4ರಂದು, ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಹೊಸ ವಾಚನಕ್ರಮ ಬಂತು: ಭಾನುವಾರಗಳಿಗೆ 3 ವರ್ಷದ ಚಕ್ರ, ವಾರದ ದಿನಗಳಿಗೆ 2 ವರ್ಷದ್ದು. ರೋಮಿನಲ್ಲಿ ಇವತ್ತು ಯಾವ ಪಾಠವೋ ಸಾಮಾನ್ಯವಾಗಿ ಕಳಸದಲ್ಲೂ ಅದೇ ಪಾಠ. ಕಥೋಲಿಕ ಗ್ರೂಪುಗಳಿಗೆ ಬರುವ ಮನನ ಹೆಚ್ಚಾಗಿ ಈ ಪಟ್ಟಿಯನ್ನೇ ಹಿಡಿದು ಬರೆದದ್ದು. ಪ್ರಾಟೆಸ್ಟೆಂಟರು 'ಸುವಾರ್ತೆ' ಅನ್ನುತ್ತಾರೆ, ಕಥೋಲಿಕರು 'ಶುಭಸಂದೇಶ' ಅನ್ನುತ್ತಾರೆ. ಕೇಳೋ ಕಿವಿ ಒಂದೇ.

ನನಗೆ ಈ ಪಟ್ಟಿಯಲ್ಲಿ ಒಂದು ದಿನದ ಮೇಲೆ ವಿಶೇಷ ಕುತೂಹಲ. ಪ್ರತಿ ವರ್ಷ ಆಗಸ್ಟ್ ಮಧ್ಯದ ಒಂದು ಬುಧವಾರ. ಮಲೆನಾಡಿನಲ್ಲಿ ಮಳೆ, ಗಿಡದಲ್ಲಿ ಕಾಫಿ ಇನ್ನೂ ಹಸಿರುಕಾಯಿ. ಅವತ್ತಿನ ಪಾಠ ಮತ್ತಾಯನ 20ನೇ ಅಧ್ಯಾಯ: ದ್ರಾಕ್ಷಿತೋಟದ ಕೂಲಿಗಳು. ಕಥೆ ನಿಮಗೆ ಗೊತ್ತಿಲ್ಲದಿದ್ದರೆ ಚುಟುಕಾಗಿ ಹೇಳ್ತೀನಿ. ತೋಟದ ಯಜಮಾನ ಬೆಳಿಗ್ಗೆ ಹೋಗಿ ಆಳು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಐದು ಗಂಟೆಗೂ ಹೋಗುತ್ತಾನೆ. ಐದಕ್ಕೂ ಸಂತೆ ಜಾಗದಲ್ಲಿ ನಿಂತವರಿದ್ದಾರೆ. ಯಾಕೆ ನಿಂತಿದ್ದೀರಿ ಅಂದರೆ, ಯಾರೂ ಕರೆಯಲಿಲ್ಲ ಅಂತಾರೆ. ಸಂಜೆ ಎಲ್ಲರಿಗೂ ಒಂದೊಂದು ದಿನಾರಿ, ಅಂದರೆ ಒಂದು ದಿನದ ಪೂರ್ತಿ ಕೂಲಿ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ.

ಇದನ್ನು ದೇವರ ಕೃಪೆಯ ಪಾಠ ಅಂತ ವಿವರಿಸುವುದು ರೂಢಿ. ಅದು ಸರಿಯೇ. ಆದರೆ ಕಾಫಿ ತೋಟದಲ್ಲಿ ಕೂತು ಕೇಳುವವನಿಗೆ ಇದು ಮೊದಲು ಕೂಲಿಯ ಕಥೆ. ಈ ಬೆಟ್ಟಗಳ ಕೂಲಿಯ ಇತಿಹಾಸ ನೋಡಿ. ಮೇಸ್ತ್ರಿ ಘಟ್ಟದ ಕೆಳಗೆ ಹೋಗಿ ಮುಂಗಡ ಕೊಟ್ಟು ಆಳು ತರುತ್ತಿದ್ದ. ಮುಂಗಡ ತಗೊಂಡು ಕೆಲಸಕ್ಕೆ ಬಾರದಿದ್ದರೆ, 1859ರ ಬ್ರಿಟಿಷ್ ಕಾನೂನಿನ ಪ್ರಕಾರ 3 ತಿಂಗಳ ತನಕ ಜೈಲಿಗೆ ಹಾಕಬಹುದಿತ್ತು. ಸಾಲ ತೀರಿಸದವ ಅಪರಾಧಿ! ಆ ಕಾನೂನನ್ನು ರದ್ದು ಮಾಡೋಕೆ 1925ರ ತನಕ ಕಾಯಬೇಕಾಯಿತು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಬಂದ ಮೇಲೆ ಮನೆ, ಕುಡಿಯುವ ನೀರು, ಶಿಶುವಿಹಾರ ಮಾಲೀಕನ ಹೊಣೆ ಎಂದು ಬರೆಯಲಾಯಿತು. ಗಂಡಿಗೂ ಹೆಣ್ಣಿಗೂ ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ಇಷ್ಟೂ ವರ್ಷ ಬೆಳಗಿನ ವಚನ ಓದುತ್ತಲೇ ಇದ್ದರು. ತೋಟದ ಮಾಲೀಕನೂ ಓದುತ್ತಿದ್ದ, ರೈಟರೂ ಓದುತ್ತಿದ್ದ, ಲೈನ್‌ಮನೆಯವನೂ ಓದುತ್ತಿದ್ದ. ಓದಿದ್ದೆಲ್ಲ ಸಂಜೆಯ ಬಟವಾಡೆಯ ತನಕ ಹೋಗಿ ತಲುಪಿತಾ? ಕೆಲವು ಕಡೆ ತಲುಪಿತು, ಬಹಳ ಕಡೆ ಚಾವಡಿಯಲ್ಲೇ ನಿಂತಿತು.

ಇನ್ನೂ ಒಂದು ಮಾತು. ಆ ಕಥೆಯಲ್ಲಿ ಗೊಣಗುವವರು ಯಾರು? ಮಾಲೀಕನಲ್ಲ, ಮೊದಲು ಬಂದವರು. ನಮ್ಮ ಬೆಟ್ಟಕ್ಕೆ ಮೊದಲು ಬಂದವರು ಚಾರ್ಮಾಡಿ ಹತ್ತಿದ ಅಜ್ಜಂದಿರು. ಅವರೂ ಒಂದು ಕಾಲಕ್ಕೆ ಹೊರಗಿನವರೇ. ಕೆಲವರ ಮೊಮ್ಮಕ್ಕಳು ಇವತ್ತು ತೋಟದ ಮಾಲೀಕರು. ಈಗ ಕೊಯ್ಲಿನ ಹೊತ್ತಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ರೈಲು ಹತ್ತಿ ಬರುವವರಿದ್ದಾರೆ. ಭಾಷೆ ಬರಲ್ಲ, ಲೈನ್‌ಮನೆಯಲ್ಲಿ ಹೊಸಬರು, ಎಲ್ಲದಕ್ಕೂ ಅವರ ಮೇಲೇ ಅನುಮಾನ. ಐದು ಗಂಟೆಗೆ ಬಂದವರು ಅಂದರೆ ನನಗೆ ಇವರೇ ನೆನಪಾಗುತ್ತಾರೆ. ಹಾಗಾದರೆ ಆ ಬುಧವಾರದ ಮನನ ಬರೆಯುವವರು ಯಾರ ಕಡೆ ನಿಂತು ಬರೆಯಬೇಕು?

ದೈನಿಕ ಮನನದ ಶಕ್ತಿ ಇರುವುದೇ ಅದರ ದೈನಿಕತೆಯಲ್ಲಿ ಅಂತ ನನಗೆ ಅನ್ನಿಸುತ್ತೆ. ವರ್ಷಕ್ಕೊಮ್ಮೆಯ ಹಬ್ಬವನ್ನು ಚೆನ್ನಾಗಿ ಮಾಡಿ ಮುಗಿಸಬಹುದು. ಆದರೆ ದಿನಾ ಬರುವ ವಚನಕ್ಕೆ ದಿನಾ ಉತ್ತರ ಕೊಡಬೇಕು, ದಿನಗೂಲಿಯ ಹಾಗೆ. ಬೆಳಗಿನ ವಚನ ಸಂಜೆಯ ಲೆಕ್ಕದ ಪುಸ್ತಕದಲ್ಲಿ ಕಾಣಿಸದಿದ್ದರೆ ಅದು ಬರೀ ಫಾರ್ವರ್ಡ್. ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ಮನೆಯ ಬೆಳಗಿನ ಓದಿಗೂ ಈ ಮಾತು ಹೊಂದುತ್ತೆ ಅಲ್ವಾ?